ಇಂಜಿನ್ನಿಗೆ ಮರಳಲು ಒಂದು ಬಿಸಿ ಕೋಣೆ

ಹೀಟರ್ ಬರುವ ಮೊದಲೇ ಬೋರ್ಡು ಬಂತು. ನಾಗಪುರದ ಸದರ್‌ನಲ್ಲಿ ನಾನು ಯೋಗ ಕಲಿಸುತ್ತಿದ್ದ ಜಿಮ್ಮಿನ ಮಾಲೀಕ ಮುಂಬೈಗೆ ಹೋಗಿ ಬಂದವನೇ ‘ಹಾಟ್ ಯೋಗ’ ಅಂತ ಕೆಂಪು ಅಕ್ಷರದಲ್ಲಿ ಬರೆಸಿ, ಕೆಳಗೆ ‘ನಲವತ್ತು ಡಿಗ್ರಿ’ ಅಂತ ಸೇರಿಸಿ, ಬಾಗಿಲ ಮೇಲೆ ಏರಿಸಿಬಿಟ್ಟ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರು ಅಂತಾರಲ್ಲ, ಹಾಗೆ. ಹೊಸ ಶತಮಾನ ಶುರುವಾಗಿ ಮೂರ್ನಾಲ್ಕು ವರ್ಷ ಆಗಿರಬೇಕು. ಊರಿಗೆ ಜಿಮ್ಮಿನ ಹುಚ್ಚು ಆಗಷ್ಟೇ ಹತ್ತಿತ್ತು.

ನನಗೆ ನಗು ತಡೆಯಲಿಲ್ಲ. ಮೇ ತಿಂಗಳು ಬಂದರೆ ನಾಗಪುರದ ಪ್ರತಿ ಮನೆಯೂ ಬಿಸಿ ಕೋಣೆಯೇ. ಇಲ್ಲಿ ಬಿಸಿಗೆ ದುಡ್ಡು ಕೊಡುವುದೆಂದರೆ ಸಮುದ್ರದ ದಂಡೆಯಲ್ಲಿ ಕೂತು ಉಪ್ಪು ಕೊಂಡ ಹಾಗೆ. ಅದನ್ನೇ ಅವನಿಗೆ ಹೇಳಿದೆ. “ಮ್ಯಾಡಮ್, ಈಗ ಜನವರಿ,” ಅಂದ ಅವನು ಹಿಂದಿಯಲ್ಲಿ. “ಬೆಳಿಗ್ಗೆ ಎಲ್ಲರೂ ಸ್ವೆಟರ್ ಹಾಕಿಕೊಂಡು ನಡುಗುತ್ತ ಬರ್ತಾರೆ. ಬೆಚ್ಚಗಿನ ಕೋಣೆ ಕೊಟ್ಟರೆ ಬೇಡ ಅಂತಾರಾ? ಮೇಲಾಗಿ ಬೆವರಿನಲ್ಲಿ ಮೈಯ ವಿಷವೆಲ್ಲ ಹೊರಗೆ ಹೋಗುತ್ತಂತೆ.”

“ಬೆವರಿನಲ್ಲಿ ಹೋಗೋದು ನೀರು, ಉಪ್ಪು. ವಿಷ ತೆಗೆಯೋ ಕೆಲಸ ಮೂತ್ರಪಿಂಡಕ್ಕೆ ಬಿಡಿ, ಅದು ಹುಟ್ಟಿದಾಗಿನಿಂದ ಮಾಡ್ತಾ ಬಂದಿದೆ,” ಅಂದೆ. ನನ್ನ ಬಾಯಿ ಮೊದಲಿಂದಲೂ ಹೀಗೆಯೇ. ಗಂಡನ ಬ್ಯಾಂಕಿನ ವರ್ಗಾವಣೆಯ ಬೆನ್ನು ಹತ್ತಿ ಧಾರವಾಡದಿಂದ ಬಂದಾಗ ಭಾಷೆ ಬದಲಾಯಿತು, ಬಾಯಿ ಬದಲಾಗಲಿಲ್ಲ. ಮಾಲೀಕ ನಕ್ಕ. ಬೋರ್ಡು ಇದ್ದಲ್ಲೇ ಇತ್ತು.

ಬಂದವರೆಲ್ಲ ಅದನ್ನು ನೋಡಿ ತಮಾಷೆ ಮಾಡಿ ಹೋದರು. ನಿಂತು ಓದಿದವರು ಡ್ರೈವರ್ ಸಾಹೇಬರು ಒಬ್ಬರೇ. ಗದಗಿನ ಕಡೆಯವರು, ರೈಲಿನ ಡ್ರೈವರು, ಐವತ್ತರ ಹತ್ತಿರದ ಗಟ್ಟಿ ಆಳು. ದೀಪಾವಳಿ ಮುಗಿದಾಗಿನಿಂದ ನಮ್ಮ ಜಿಮ್ಮಿಗೆ ಬರುತ್ತಿದ್ದರು. ಬೆಳಿಗ್ಗೆ ನಡಿಗೆ, ಆಮೇಲೆ ಭಾರ ಎತ್ತುವುದು, ಕೊನೆಗೆ ನನ್ನ ಹತ್ತಿರ ಸ್ವಲ್ಪ ಆಸನ. ಒಂದು ದಿನ ತಪ್ಪಿಸಿದವರಲ್ಲ.

ಹಿಂದಿನ ಮೇ ತಿಂಗಳಲ್ಲಿ ನರಖೇಡದಿಂದ ನಾಗಪುರಕ್ಕೆ ಪ್ಯಾಸೆಂಜರ್ ಗಾಡಿ ತರುತ್ತಿದ್ದಾಗ, ಕಾಟೋಲ್ ದಾಟಿದ ಮೇಲೆ, ಇಂಜಿನ್ನಿನಲ್ಲಿ ಕೂತಲ್ಲೇ ಅವರಿಗೆ ಎಚ್ಚರ ತಪ್ಪಿತ್ತು. ಪಕ್ಕದಲ್ಲಿದ್ದ ಅಸಿಸ್ಟೆಂಟ್ ಬ್ರೇಕ್ ಹಾಕಿ ಗಾಡಿ ನಿಲ್ಲಿಸಿದ. ಯಾರಿಗೂ ಏನೂ ಆಗಲಿಲ್ಲ. ಡಬ್ಬಿಗಳಲ್ಲಿದ್ದವರು ಸಿಗ್ನಲ್ ಸಿಕ್ಕಿಲ್ಲ ಅಂದುಕೊಂಡು ಶೇಂಗಾ ಸುಲಿಯುತ್ತ ಕೂತಿದ್ದರಂತೆ. ಡಾಕ್ಟರರು ಎಲ್ಲ ತಪಾಸಣೆ ಮಾಡಿದರು. ಹೃದಯ ಚಲೋ, ಸಕ್ಕರೆ ಕಾಯಿಲೆ ಇಲ್ಲ, ರಕ್ತದೊತ್ತಡ ಬರೋಬರ್. ಬಿಸಿಲಿನ ಹೊಡೆತ ಅಂತ ಬರೆದು ಗಾಡಿ ಓಡಿಸುವ ಕೆಲಸದಿಂದ ಇಳಿಸಿ, ಇಂಜಿನ್ ಶೆಡ್ಡಿನಲ್ಲಿ ಕುರ್ಚಿ ಕೆಲಸ ಕೊಟ್ಟರು. ಬರುವ ಏಪ್ರಿಲ್‌ನಲ್ಲಿ ಮತ್ತೆ ತಪಾಸಣೆ. ಪಾಸಾದರೆ ಇಂಜಿನ್, ಇಲ್ಲದಿದ್ದರೆ ಕಾಯಂ ಕುರ್ಚಿ.

“ಅಕ್ಕೋರ,” ಅಂದರು ಅವರು. ಕಲಿಸುವ ಹೆಂಗಸರನ್ನು ನಮ್ಮ ಕಡೆ ಹಾಗೇ ಕರೆಯುವುದು. “ಮೈ ಗಟ್ಟಿ ಆಗೈತ್ರಿ. ಎಷ್ಟ ಬೇಕಾದ್ರೂ ನಡೀತೀನಿ, ವಜ್ಜಿ ಎತ್ತತೀನಿ. ಆದ್ರ ಬಿಸಿ ಅಂದ್ರ ಎದಿಯೊಳಗ ಅಂಜಿಕಿ ಕುಂತೈತಿ. ಮನ್ಯಾಗ ನಮ್ಮಾಕಿ ರೊಟ್ಟಿ ಬಡ್ಯಾಕತ್ತಿದ್ರ ಒಲಿ ಹತ್ರ ಕೂಡಾಕ ಆಗವಲ್ದು. ಎದ್ದು ಹೊರಗ ಹೋಗ್ತೀನಿ. ಈ ಬಿಸಿ ಯೋಗ ನಮ್ಮಂಥವ್ರಿಗೆ ಏನಾರ ಉಪಯೋಗ ಐತೇನ್ರಿ?”

ನನ್ನ ನಗು ಅಲ್ಲಿಗೆ ನಿಂತಿತು. ಉಳಿದವರು ತಮಾಷೆಗೆ ತೂಕ ಇಳಿಯುತ್ತಾ, ಮುಖಕ್ಕೆ ಹೊಳಪು ಬರುತ್ತಾ ಅಂತ ಕೇಳಿದ್ದರು. ಈ ಮನುಷ್ಯನಿಗೆ ಬೇಕಿದ್ದ ಕಾರಣವೇ ಬೇರೆ. ಇಂಜಿನ್ನಿನ ಕ್ಯಾಬಿನ್ನು ಮೇ ತಿಂಗಳಲ್ಲಿ ಹೊರಗಿನ ಬಿಸಿಲಿಗಿಂತ ಕೆಟ್ಟದ್ದು, ಮೇಲೆ ತಗಡು, ಹಿಂದೆ ಯಂತ್ರದ ಕಾವು. ಅದಕ್ಕೆ ಹೋಗುವ ಮೈಯನ್ನು ತಂಪು ಬೆಳಗಿನ ನಡಿಗೆಯೊಂದೇ ತಯಾರು ಮಾಡಲಾರದು. ಮೈಗೆ ಬಿಸಿಯನ್ನೂ ಕಲಿಸಬೇಕು, ದಿನಕ್ಕಿಷ್ಟು, ವಾರಕ್ಕಿಷ್ಟು ಅಂತ. ಕಲಿತ ಮೈ ಬೇಗ ಬೆವರುತ್ತದೆ, ಬೆವರು ಮೈಯನ್ನು ತಂಪು ಮಾಡುತ್ತದೆ, ನಾಡಿ ಹದದಲ್ಲಿ ಉಳಿಯುತ್ತದೆ. ಅಷ್ಟೇ ವಿದ್ಯೆ. “ಉಪಯೋಗ ಆಗಬಹುದು,” ಅಂದೆ. “ಆದ್ರ ನಡಿಗಿ, ವಜ್ಜಿ ಬಿಡಬಾರದು. ಇದು ಅದರ ಜೋಡಿ, ಅದರ ಬದಲಿಗಲ್ಲ. ಮೊದಲ ಡಾಕ್ಟರ್‌ನ ಕೇಳಿ ಬರ್ರಿ.”

ಅವರ ಡಾಕ್ಟರರು ಬೇಡ ಅನ್ನಲಿಲ್ಲ. ನಿಧಾನವಾಗಿ ಏರಿಸಿ, ತಲೆ ತಿರುಗಿದ ಕೂಡಲೇ ನಿಲ್ಲಿಸಿ ಅಂತ ಹೇಳಿ ಕಳಿಸಿದರು. ಬೇಡ ಅಂದದ್ದು ಅವರ ಹೆಂಡತಿ. ಮರುದಿನವೇ ಜಿಮ್ಮಿಗೆ ಬಂದು, ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು ಕೇಳಿದರು: “ಅಕ್ಕೋರ, ಬೆಂಕಿಯೊಳಗಿಂದ ಹೊರಗ ಬಂದವ್ರನ್ನ ಮತ್ತ ಬೆಂಕ್ಯಾಗ ದಬ್ಬತೀರೇನು? ಕುರ್ಚಿ ಕೆಲಸ ಸಿಕ್ಕೈತಿ. ಸಂಜೀಕ ಮನೀಗೆ ಬರ್ತಾರ. ನನಗ ಅಷ್ಟ ಸಾಕು.” ಅವರ ಮಾತಿನಲ್ಲಿ ತಪ್ಪೇನಿರಲಿಲ್ಲ. “ಬೇಕಂದವರು ಅವರು. ಬೇಡ ಅಂದ್ರ ನಾ ಇವತ್ತ ಬಿಡ್ತೀನಿ,” ಅಂದೆ. ಆಕೆ ಒಳಗೆ ನಿಂತಿದ್ದ ಗಂಡನ ಮುಖ ನೋಡಿದರು, ತಿರುಗಿ ಹೋದರು.

ಕೋಣೆ ತಯಾರು ಮಾಡುವುದರಲ್ಲೇ ಒಂದು ವಾರ ಹೋಯಿತು. ಮೊದಲು ತಂದ ರಾಡ್ ಹೀಟರುಗಳು ಗಾಳಿಯನ್ನು ಒಣಗಿಸಿ ಎಲ್ಲರಿಗೂ ಗಂಟಲು ಕೆರೆತ ತಂದವು. ಬಾಯ್ಲರಿನಲ್ಲಿ ನೀರು ಕುದಿಸಿ, ಅದರ ಹಬೆಯನ್ನು ಒಂದು ಕೊಳವೆಯಲ್ಲಿ ಒಳಗೆ ಬಿಟ್ಟೆವು. ಆಗ ಗೋಡೆಯೆಲ್ಲ ಒದ್ದೆಯಾಗಿ, ಚಾಪೆಯ ಮೇಲೆ ಕಾಲು ಜಾರತೊಡಗಿತು. ಕೊನೆಗೆ ಹಬೆ ಕಡಿಮೆ ಮಾಡಿ, ಮೇಲಿನ ಗವಾಕ್ಷಿಯನ್ನು ಒಂದು ಗೇಣು ತೆರೆದಿಟ್ಟು, ಥರ್ಮಾಮೀಟರನ್ನು ಎದೆಯ ಎತ್ತರಕ್ಕೆ ತೂಗುಹಾಕಿದೆ. ತಲೆಯ ಎತ್ತರಕ್ಕೂ ನೆಲಕ್ಕೂ ನಾಲ್ಕು ಡಿಗ್ರಿ ವ್ಯತ್ಯಾಸ ಇರುತ್ತದೆ ಅಂತ ಅವತ್ತೇ ನನಗೆ ಗೊತ್ತಾದದ್ದು. ಮಾಲೀಕನಿಗೆ ಮೊದಲ ದಿನವೇ ನಲವತ್ತು ಬೇಕಿತ್ತು. “ಮೂವತ್ತೆರಡರಿಂದ ಶುರು,” ಅಂದೆ. “ಬೋರ್ಡು ಬೆವರೋದಿಲ್ಲ, ಮನುಷ್ಯರು ಬೆವರ್ತಾರೆ.”

ವಾರಕ್ಕೆ ಮೂರು ದಿನ ಬಿಸಿ ಕೋಣೆ, ಉಳಿದ ದಿನ ಅವರವರ ಮಾಮೂಲಿ ವ್ಯಾಯಾಮ. ಡ್ರೈವರ್ ಸಾಹೇಬರ ಜೊತೆಗೆ ಗಾಂಧಿಬಾಗ್‌ನ ಇಬ್ಬರು ಬಟ್ಟೆ ವ್ಯಾಪಾರಿಗಳು, ನಿವೃತ್ತಿಯಾದ ಒಬ್ಬ ಶಾಲಾ ಶಿಕ್ಷಕಿ. ನಿಂತು ಮಾಡುವ ಆಸನಗಳೇ ಹೆಚ್ಚು: ಉಸಿರಾಟ, ತಾಡಾಸನ, ಅರ್ಧಚಂದ್ರಾಸನ, ಉತ್ಕಟಾಸನ, ವೃಕ್ಷಾಸನ. ಬಿಸಿಯಲ್ಲಿ ಸ್ನಾಯು ಬೆಣ್ಣೆಯ ಹಾಗೆ ಸಡಿಲಾಗುತ್ತದೆ, ಅದೇ ಅಪಾಯ. ಇನ್ನೂ ಬಾಗಬಹುದು ಅನಿಸುತ್ತದೆ, ಮರುದಿನ ಸೊಂಟ ಹಿಡಿಯುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಿ ಅಂತ ಹೇಳಿ ಹೇಳಿ ನನ್ನ ನಾಲಗೆ ಸವೆಯಿತು. ಆದರೂ ಎರಡು ವಾರದಲ್ಲಿ ಶಿಕ್ಷಕಿಯ ಮೊಣಕಾಲಿನ ಬಿಗಿತ ಕಡಿಮೆಯಾಯಿತು, ವ್ಯಾಪಾರಿಗಳು ಚೆನ್ನಾಗಿ ನಿದ್ದೆ ಬರುತ್ತದೆ ಅಂದರು. ನನಗೂ ಇದರಲ್ಲಿ ಏನೋ ಇದೆ ಅನಿಸತೊಡಗಿತು.

ಡ್ರೈವರ್ ಸಾಹೇಬರು ಎಲ್ಲರಿಗಿಂತ ಗಟ್ಟಿಯಾಗಿ ನಿಂತಿರುತ್ತಿದ್ದರು. ಹಲ್ಲು ಕಚ್ಚಿ, ಗೋಡೆಯ ಒಂದು ಚುಕ್ಕೆಯನ್ನು ನೋಡುತ್ತ, ದೂರದ ಸಿಗ್ನಲ್ ನೋಡುವವರ ಹಾಗೆ. ಮೂವತ್ತೆಂಟಕ್ಕೆ ಏರಿಸಿದ ದಿನ ಅರ್ಧಚಂದ್ರಾಸನದಲ್ಲಿ ಕೈ ಮೇಲೆತ್ತಿದವರು ಹಾಗೇ ಪಕ್ಕಕ್ಕೆ ವಾಲಿದರು. ಶಿಕ್ಷಕಿ ಕೂಗಿದರು. ನಾನು ಓಡಿ ಹೋಗಿ ಹಿಡಿಯುವುದರಲ್ಲಿ ಮೊಣಕಾಲೂರಿ ಕುಸಿದಿದ್ದರು. ಹೊರಗೆ ತಂದು ಮಲಗಿಸಿ, ಕಾಲು ಎತ್ತರಕ್ಕಿಟ್ಟು, ಒದ್ದೆ ಬಟ್ಟೆ ಹಾಕಿದೆವು. ಕಣ್ಣು ಬಿಟ್ಟವರು ಮೊದಲು ಕೇಳಿದ್ದು ಒಂದೇ: “ಮನೀಗೆ ಹೇಳಿಲ್ಲ ಹೌದಲ್ರಿ?”

ಮಾಲೀಕನ ಮುಖ ಬಿಳುಚಿಕೊಂಡಿತ್ತು. ನನ್ನನ್ನು ಪಕ್ಕಕ್ಕೆ ಕರೆದು, “ಮ್ಯಾಡಮ್, ಇವರನ್ನು ಬಿಟ್ಟುಬಿಡಿ. ಇವರಿಗೆ ಏನಾದರೂ ಆದರೆ ಜಿಮ್ಮಿಗೇ ಬೀಗ,” ಅಂದ. ಅವನು ಹೇಳಿದ್ದು ಸುಳ್ಳಲ್ಲ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು ನನ್ನ ಸ್ಥಿತಿ, ನುಂಗೋ ಹಾಗಿಲ್ಲ, ಉಗುಳೋ ಹಾಗಿಲ್ಲ. ಕೋಣೆ ಒರೆಸೋಣ ಅಂತ ಒಳಗೆ ಹೋದೆ. ಉಳಿದ ಮೂವರ ಚಾಪೆಗಳು ಹಿಂಡಿದರೆ ನೀರು ಸುರಿಯುವಷ್ಟು ಒದ್ದೆ. ಡ್ರೈವರ್ ಸಾಹೇಬರ ಚಾಪೆ ಒಣಗಿತ್ತು. ಅಂಗೈ ಇಟ್ಟು ನೋಡಿದೆ. ಎಲ್ಲೂ ಒಂದು ಹನಿ ಪಸೆ ಇಲ್ಲ.

ಹೊರಗೆ ಬಂದು ಅವರ ಪಕ್ಕದಲ್ಲಿ ನೆಲದ ಮೇಲೆ ಕೂತೆ.

“ಸಾಹೇಬ್ರ, ಇವತ್ತ ಎಷ್ಟ ನೀರು ಕುಡದೀರಿ?”

“ಮುಂಜಾನೆ ಚಾ ಕುಡದೀನಲ್ರಿ.”

“ನೀರು?”

ಅವರು ಆ ಕಡೆ ಈ ಕಡೆ ನೋಡಿ, ಹೆಂಗಸರ ಮುಂದೆ ಹೇಳಬಾರದ್ದನ್ನು ಹೇಳುವವರ ಹಾಗೆ ದನಿ ಇಳಿಸಿದರು. “ಇಂಜಿನ್ನಿನ್ಯಾಗ ಸಂಡಾಸ ಇರೂದಿಲ್ರಿ ಅಕ್ಕೋರ. ಗಾಡಿ ಹತ್ತಿದ ಮ್ಯಾಲ ನಾಕು ತಾಸೋ ಆರು ತಾಸೋ, ಇಳಿಯೂ ಹಂಗಿಲ್ಲ. ಅದಕ್ಕ ಡ್ಯೂಟಿಗೆ ಹೋಗೂ ಮೊದಲ ನಾವು ಯಾರೂ ನೀರು ಕುಡ್ಯಾಂಗಿಲ್ಲ. ಡ್ಯೂಟಿ ಮುಗದ ಮ್ಯಾಲ ಒಂದ ಸಲಕ್ಕ ಕುಡೀತೀವಿ. ಹೊಸದಾಗಿ ಸೇರಿದಾಗ ಹಿರೇರು ಹೇಳಿಕೊಟ್ಟಿದ್ದು ಇದು. ಇಪ್ಪತ್ತೈದು ವರ್ಷದ ರೂಢಿ. ಈಗ ನೀರಡಿಕಿನ ಆಗೂದಿಲ್ಲ ನೋಡ್ರಿ.”

“ಶೆಡ್ಡಿನ್ಯಾಗ ಸಂಡಾಸ ಐತೆಲ್ಲ?”

“ಐತ್ರಿ. ರೂಢಿ ಬಿಟ್ಟಿಲ್ಲ.”

“ಡಾಕ್ಟರ್ ಕೇಳಲಿಲ್ಲೇನು ಇದನ್ನ?”

“ಕೇಳಿದ್ರು. ನೀರು ಬರೋಬರ್ ಕುಡೀತೀಯೇನು ಅಂತ. ಹೂಂ ಅಂದೆ. ಸುಳ್ಳಲ್ರಿ, ಸಂಜೀಕ ಎರಡು ಚರಿಗಿ ಕುಡೀತೀನಿ.”

ನನಗೆ ಸಿಟ್ಟು ಬಂತು, ಅಯ್ಯೋ ಅನಿಸಿತು, ಎರಡೂ ಒಟ್ಟಿಗೆ. ಒಂದು ಇಡೀ ವೃತ್ತಿಯವರು ಇದನ್ನೇ ಜಾಣತನ ಅಂತ ಒಬ್ಬರಿಗೊಬ್ಬರು ಕಲಿಸುತ್ತ ಬಂದಿದ್ದಾರೆ. ಈ ಮನುಷ್ಯ ನಡೆದದ್ದು, ಭಾರ ಎತ್ತಿದ್ದು, ಎಲ್ಲ ಬಾವಿಯಲ್ಲಿ ನೀರಿಲ್ಲದೆ ಪಂಪು ಓಡಿಸಿದ ಹಾಗೆ. ಹಿಂದಿನ ಮೇ ತಿಂಗಳಲ್ಲಿ ಅವರನ್ನು ಕೆಡವಿದ್ದು ಬಿಸಿಲೊಂದೇ ಅಲ್ಲ.

ಅವತ್ತೇ ತೀರ್ಮಾನ ಮಾಡಿದೆ. ಅವರನ್ನು ಬಿಡುವುದಿಲ್ಲ, ಆದರೆ ಎಲ್ಲ ಮೊದಲಿನಿಂದ. ಮಾಲೀಕನಿಗೆ ಹೇಳಿದೆ: ಕೋಣೆ ಮತ್ತೆ ಮೂವತ್ತೆರಡಕ್ಕೆ ಇಳಿಯುತ್ತದೆ, ಮೂವತ್ತಾರರ ಮೇಲೆ ಏರುವುದಿಲ್ಲ, ಬೋರ್ಡಿನಿಂದ ‘ನಲವತ್ತು’ ಅಳಿಸಬೇಕು. ಒಪ್ಪದಿದ್ದರೆ ಬೇರೆ ಯೋಗದವರನ್ನು ಹುಡುಕಿಕೊಳ್ಳಬೇಕು. ಅವನು ಒಂದು ದಿನ ಮುನಿಸಿಕೊಂಡಿದ್ದ. ಮೂರನೆಯ ದಿನ ಪೇಂಟರ್ ಏಣಿ ಹತ್ತಿದ್ದನ್ನು ನೋಡಿದೆ. ಡ್ರೈವರ್ ಸಾಹೇಬರಿಗೆ ಡಾಕ್ಟರರ ಹತ್ತಿರ ಹೋಗಿ ನೀರಿನ ವಿಷಯ ಇದ್ದದ್ದು ಇದ್ದ ಹಾಗೆ ಹೇಳಿ ಬನ್ನಿ ಅಂದೆ. ಹೋಗಿ ಹೇಳಿದರು, ಬೈಸಿಕೊಂಡು ಬಂದರು.

ಆಸನ ಮಾಡುವಾಗ ನೀರು ಮುಟ್ಟಬಾರದು ಅಂತ ನನ್ನ ಗುರುಗಳ ಕಟ್ಟಪ್ಪಣೆ ಇತ್ತು. ಧಾರವಾಡದ ತಂಪಿನಲ್ಲಿ ಅದು ಸರಿ. ಈ ಕೋಣೆಯಲ್ಲಿ ನಾನು ಅದನ್ನು ಮುರಿದೆ, ಅವರು ಕೇಳಿದ್ದರೆ ಕಿವಿ ಹಿಂಡುತ್ತಿದ್ದರು. ಒಳಗೆ ಬರುವ ಮೊದಲು ಎಲ್ಲರೂ ತಕ್ಕಡಿಯ ಮೇಲೆ ನಿಲ್ಲಬೇಕು, ಹೊರಗೆ ಬಂದ ಮೇಲೆ ಮತ್ತೆ ನಿಲ್ಲಬೇಕು. ಕಡಿಮೆಯಾದದ್ದು ಕೊಬ್ಬಲ್ಲ, ನೀರು. ಅಷ್ಟನ್ನೂ ನಿಧಾನವಾಗಿ ವಾಪಸು ಕುಡಿಯಬೇಕು. ಉಪ್ಪು, ಸಕ್ಕರೆ, ನಿಂಬೆಹಣ್ಣು ಹಾಕಿದ ಪಾನಕ ಒಂದು ಕೊಡ ಬಾಗಿಲ ಹತ್ತಿರ. ಡ್ರೈವರ್ ಸಾಹೇಬರಿಗೆ ಮಾತ್ರ ಇನ್ನೊಂದು ಕೆಲಸ: ಮುಂಜಾನೆ ಎದ್ದಾಗಿನಿಂದ ತಾಸಿಗೊಂದು ಸಲ ನಾಲ್ಕು ಗುಟುಕು, ನೀರಡಿಕೆ ಇರಲಿ ಬಿಡಲಿ.

ಮೊದಲು ಅವರಿಗೆ ಹೊಟ್ಟೆ ಉಬ್ಬರಿಸಿತು, ವಾಕರಿಕೆ ಬಂತು. “ಎಮ್ಮಿ ಆಗೀನ್ರಿ,” ಅಂದರು. ಆದರೂ ಬಿಡಲಿಲ್ಲ. ಎರಡು ವಾರ ದಾಟಿದ ಮೇಲೆ ಒಂದು ಬೆಳಿಗ್ಗೆ ವೃಕ್ಷಾಸನದಲ್ಲಿ ನಿಂತವರ ಹಣೆಯಿಂದ ಬೆವರು ಇಳಿದು, ಮೂಗಿನ ತುದಿಯಿಂದ ತೊಟ್ಟಿಕ್ಕಿತು. ಅವರು ಆಸನ ಬಿಟ್ಟು ಅದನ್ನೇ ನೋಡುತ್ತ ನಿಂತರು. ತರಗತಿ ಮುಗಿದ ಮೇಲೆ ಟವೆಲ್ಲನ್ನು ಹಿಂಡಿ ತೋರಿಸಿದರು. “ನೋಡ್ರಿ ಅಕ್ಕೋರ,” ಅಂದರು. ಹಬ್ಬಕ್ಕೆ ಹೊಸ ಅಂಗಿ ಹಾಕಿಕೊಂಡವರ ಖುಷಿ ಇತ್ತು ಆ ಮುಖದಲ್ಲಿ. ನನಗೂ ಅಷ್ಟೇ ಖುಷಿಯಾಯಿತು.

ನೀರಿಗಿಂತ ಕಷ್ಟವಾದದ್ದು ಅವರಿಗೆ ಕೂರುವುದನ್ನು ಕಲಿಸುವುದು. ಬಾಯಿ ಒಣಗಿದರೆ, ಬಿಸಿಯಲ್ಲೂ ಮೈ ಜುಮ್ಮೆಂದರೆ, ಕಿವಿಯಲ್ಲಿ ಗುಂಯ್‌ಗುಟ್ಟಿದರೆ ಕೂಡಲೇ ಚಾಪೆಯ ಮೇಲೆ ಕೂರಬೇಕು ಅಂತ ನನ್ನ ನಿಯಮ. ಅವರು ಕೂರುತ್ತಿರಲಿಲ್ಲ. ನಾಡಿ ಹಿಡಿದು ನೋಡಿದರೆ ಓಡುತ್ತಿರುತ್ತಿತ್ತು, ಮುಖದಲ್ಲಿ ಮಾತ್ರ ಕಲ್ಲು. ಒಂದು ದಿನ ಬೈದೇಬಿಟ್ಟೆ: “ತಡಕೋಳೂದು ಕಲೀಲಿಕ್ಕೆ ಇಲ್ಲಿಗೆ ಬರಬ್ಯಾಡ್ರಿ, ಅದು ನಿಮಗ ಜಾಸ್ತಿನ ಬರ್ತೈತಿ. ಎಲ್ಲಿ ತಡಕೋಬಾರದು ಅಂತ ಕಲೀರಿ.” ಮರುದಿನ ಉತ್ಕಟಾಸನದ ನಡುವೆ, ಯಾರೂ ಹೇಳದೆ, ಅವರು ತಾವಾಗಿ ಕೂತರು. ಎರಡು ಗುಟುಕು ಕುಡಿದು, ಉಸಿರು ಹದಕ್ಕೆ ಬಂದ ಮೇಲೆ ಎದ್ದರು. ಅವತ್ತು ನಾನು ಮನೆಗೆ ಹೋಗಿ ಗಂಡನಿಗೆ ಹೇಳಿದೆ, ಇವರು ಇಂಜಿನ್ ಹತ್ತುತ್ತಾರೆ ಅಂತ.

“ಡ್ಯೂಟಿ ಮ್ಯಾಲ ನೀರು ಕುಡದ್ರ ಮುಂದಿಂದು ಹ್ಯಾಂಗ?” ಅಂತ ಅವರೇ ಒಂದು ದಿನ ಕೇಳಿದರು. ದೊಡ್ಡ ಸ್ಟೇಷನ್ನಿನಲ್ಲಿ ಗಾಡಿ ಐದು ನಿಮಿಷ ನಿಲ್ಲುವುದಿಲ್ಲವೇ, ಅಸಿಸ್ಟೆಂಟ್ ಇಂಜಿನ್ನಿನಲ್ಲಿ ಇರುವುದಿಲ್ಲವೇ, ಇಳಿದು ಹೋಗಿ ಬನ್ನಿ ಅಂದೆ. “ಡ್ರೈವರ್ ಗಾಡಿ ನಿಲ್ಲಿಸಿ ಸಂಡಾಸಕ್ಕ ಹೋದ ಅಂತ ಮಂದಿ ನಗ್ತಾರ್ರಿ.” “ನಕ್ರ ಹಲ್ಲು ಕಾಣ್ತಾವ, ಅಷ್ಟ,” ಅಂದೆ.

ಮಾರ್ಚ್ ಕೊನೆಗೆ ಹೀಟರ್ ಬಂದ್ ಮಾಡಿದೆವು, ಊರೇ ಬಿಸಿಲಿಗೆ ಕಾಯತೊಡಗಿತ್ತು. ಏಪ್ರಿಲ್‌ನ ತಪಾಸಣೆಯಲ್ಲಿ ಅವರು ಪಾಸಾದರು. ಸಿಹಿ ತಂದು ಹಂಚಿದರು. ಹೆಂಡತಿ ಬಂದಿರಲಿಲ್ಲ. ಆಮೇಲೆ ಅಂಗಡಿಯಲ್ಲಿ ಸಿಕ್ಕಾಗಲೂ ಆಕೆ ನನ್ನ ಜೊತೆ ಎರಡೇ ಮಾತಾಡಿದರು. ಕಾಯಂ ಕುರ್ಚಿಯನ್ನು ಅವರ ಮನೆಯಿಂದ ಕಿತ್ತುಕೊಂಡವಳು ನಾನು ಅಂತ ಅವರ ಲೆಕ್ಕ ಇದ್ದಿರಬೇಕು. ನನಗೆ ನೋವಾಯಿತು, ಆದರೆ ಅದನ್ನು ತಪ್ಪು ಅನ್ನಲಾರೆ.

ಮೇ ತಿಂಗಳು ಬಂತು. ಒಂದು ಬೆಳಿಗ್ಗೆ ಆಕೆಯದೇ ಫೋನು. “ಅಕ್ಕೋರ, ಇವತ್ತ ಅವರದು ಮಧ್ಯಾಹ್ನದ ನರಖೇಡ ಪ್ಯಾಸೆಂಜರ್. ಆವಾಗಿಂದ ಈ ಲೈನಿಗೆ ಮೊದಲನೇ ಸಲ. ನಾ ಅದ ಗಾಡ್ಯಾಗ ಹೋಗಾಕತ್ತೀನಿ. ಅವರಿಗೆ ಹೇಳಿಲ್ಲ. ಒಬ್ಬಾಕಿಗೆ ಧೈರ್ಯ ಸಾಲವಲ್ದು. ನೀವು ಬರ್ತೀರೇನು?”

ಅವರು ತಯಾರಾಗಿದ್ದಾರೆ ಅಂತ ಊರಿಗೆಲ್ಲ ಹೇಳಿದವಳು ನಾನು. ಹಾಗೆ ಹೇಳಿ, ಆ ಗಾಡಿ ಹೊರಡುವ ಹೊತ್ತಿಗೆ ಮನೆಯಲ್ಲಿ ಕೂಲರಿನ ಮುಂದೆ ಕೂರುವುದು ನ್ಯಾಯವಲ್ಲ. “ಬರ್ತೀನಿ,” ಅಂದೆ.

ಇಂಜಿನ್ನಿನ ಕಡೆಗೆ ಮುಖ ತೋರಿಸದೆ ಹಿಂದಿನ ಡಬ್ಬಿಗೆ ಹತ್ತಿದೆವು. ಆಕೆ ‘ಲೂ’ ಅನ್ನುವ ಬೇಸಿಗೆಯ ಬಿಸಿಗಾಳಿ ಬಡಿಯದಿರಲಿ ಅಂತ ಸೆರಗಿನ ತುದಿಗೆ ಒಂದು ಉಳ್ಳಾಗಡ್ಡಿ ಕಟ್ಟಿಕೊಂಡಿದ್ದರು, ನನಗೂ ಒಂದು ತಂದಿದ್ದರು. ಕಿಟಕಿಯ ಕಬ್ಬಿಣ ಮುಟ್ಟಿದರೆ ಸುಡುತ್ತಿತ್ತು. ಮಂದಿ ಒದ್ದೆ ಟವೆಲ್ ಮುಖಕ್ಕೆ ಸುತ್ತಿಕೊಂಡು ಕೂತಿದ್ದರು. ಕಳಮೇಶ್ವರ ದಾಟಿತು. ಗಾಡಿ ಸ್ವಲ್ಪ ನಿಧಾನವಾದರೂ ಆಕೆ ನನ್ನ ಕೈ ಹಿಡಿಯುತ್ತಿದ್ದರು, ವೇಗ ಹೆಚ್ಚಾದರೂ ಹಿಡಿಯುತ್ತಿದ್ದರು.

ಕಾಟೋಲ್‌ನಲ್ಲಿ ಗಾಡಿ ನಿಂತದ್ದು ಬಿಡಲೇ ಇಲ್ಲ. “ಕ್ಯಾ ಹುವಾ?” ಅಂತ ಯಾರೋ ಕೇಳಿದರು, ಯಾರಿಗೂ ಗೊತ್ತಿರಲಿಲ್ಲ. “ಯಾಕ ಬಿಡವಲ್ದು?” ಅಂದರು ಆಕೆ. ಅವರ ಉಗುರು ನನ್ನ ಅಂಗೈಗೆ ಒತ್ತುತ್ತಿತ್ತು. ತಡೆಯಲಾರದೆ ಬಾಗಿಲಿಗೆ ಹೋಗಿ ತಲೆ ಹೊರಗೆ ಹಾಕಿ ನೋಡಿದೆ.

ಪ್ಲಾಟ್‌ಫಾರ್ಮಿನ ಆ ತುದಿಯ ಸಂಡಾಸದ ಕಡೆಯಿಂದ ಡ್ರೈವರ್ ಸಾಹೇಬರು ನಡೆದು ಬರುತ್ತಿದ್ದರು. ಅವಸರವಿಲ್ಲ. ಕರವಸ್ತ್ರದಿಂದ ಕೈ ಒರೆಸಿಕೊಳ್ಳುತ್ತ, ಎಲ್ಲರ ಕಣ್ಣೆದುರಿಗೆ. ಚಹಾದ ಅಂಗಡಿಯ ಇಬ್ಬರು ಏನೋ ಅಂದು ನಕ್ಕರು. ಅವರೂ ನಕ್ಕು, ಇಂಜಿನ್ ಹತ್ತಿದರು. ವಾಪಸು ಬಂದು ಆಕೆಗೆ ಹೇಳಿದೆ. ಕೇಳಿ ಆಕೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು, ನಗುತ್ತ ನಗುತ್ತ ಕಣ್ಣೊರೆಸಿಕೊಂಡರು.

ನರಖೇಡದಲ್ಲಿ ಮಂದಿಯೆಲ್ಲ ಇಳಿದು ಹೋಗುವವರೆಗೆ ಕಾದು ಇಂಜಿನ್ನಿನ ಹತ್ತಿರ ಹೋದೆವು. ಅವರು ಕೆಳಗಿಳಿದು, ಬಾಟಲಿ ಎತ್ತಿ ನೀರು ಕುಡಿಯುತ್ತಿದ್ದರು. ಅಂಗಿ ಬೆನ್ನಿಗೆ ಅಂಟಿತ್ತು. ಹೆಂಡತಿಯನ್ನು ನೋಡಿ ಬಾಟಲಿ ಕೆಳಗಿಳಿಸಿದರು.

“ನೀ ಯಾಕ ಬಂದಿ?”

“ಬಂದೆ,” ಅಂದರು ಆಕೆ.

“ಈ ಗಾಡ್ಯಾಗ?”

“ಇದ ಗಾಡ್ಯಾಗ.”

ಅವರು ಟೋಪಿ ತೆಗೆದರು, ಹಾಕಿಕೊಂಡರು, ಇಂಜಿನ್ನಿನ ಕಡೆ ತಿರುಗಿ ನಿಂತರು. ಭುಜ ಅಲುಗುತ್ತಿದ್ದದ್ದು ನನಗೆ ಕಾಣಿಸಿತು. ನನ್ನ ಕಣ್ಣೂ ತುಂಬಿತು, ಸುಳ್ಳು ಯಾಕೆ ಹೇಳಲಿ. ಆಕೆ ಮಾತ್ರ ಗಟ್ಟಿಯಾಗಿ ನಿಂತಿದ್ದರು.

“ಹೊಳ್ಳಿ ಹೋಗೂ ಗಾಡಿನೂ ನಿಮ್ಮದ ಏನು?” ಅಂತ ಕೇಳಿದರು.

“ಹೂಂ.”

“ಹಂಗಾರ ಟಿಕೀಟ್ ತಗೊಂಡು ಬರ್ತೀನಿ,” ಅಂದು ಆಕೆ ಟಿಕೀಟಿನ ಕಿಟಕಿಯ ಸಾಲಿನ ಕಡೆ ನಡೆದರು.